ಸತ್ತ ಸೋಡಿಯಂ ಬ್ಯಾಟರಿ: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ನಿಮ್ಮ ಮನೆಯ ಸೋಡಿಯಂ ಅಯಾನ್ ಬ್ಯಾಟರಿ ಕೊನೆಯುಸಿರೆಳೆದಿದೆ. ಕೊಂಡ ದಿನ ಪೆಟ್ಟಿಗೆಯೊಳಗೆ ಒಂದು ದಪ್ಪ ಪುಸ್ತಕ ಬಂದಿತ್ತು, ನೆನಪಿರಬಹುದು. ಗೋಡೆಗೆ ಕೂರಿಸುವುದು ಹೇಗೆ, ಚಾರ್ಜ್ ಮಾಡುವುದು ಹೇಗೆ, ಮಕ್ಕಳ ಕೈಗೆ ಸಿಗದಂತೆ ಇಡುವುದು ಹೇಗೆ ಎಂದೆಲ್ಲ ಅದರಲ್ಲಿ ಚಿತ್ರ ಸಮೇತ ಇತ್ತು. ಸತ್ತ ಮೇಲೆ ಏನು ಮಾಡಬೇಕು ಎಂಬುದಕ್ಕೆ ಮಾತ್ರ ಕೊನೆಯ ಪುಟದ ಅಡಿಯಲ್ಲಿ ಒಂದೇ ಸಾಲು: ‘ಸ್ಥಳೀಯ ನಿಯಮಾನುಸಾರ ಪರಿಸರಸ್ನೇಹಿಯಾಗಿ ವಿಲೇವಾರಿ ಮಾಡತಕ್ಕದ್ದು.’ ಆ ಒಂದು ಸಾಲನ್ನು ಬಿಡಿಸಿ ಹೇಳುವುದೇ ಈ ಕೈಪಿಡಿಯ ಕೆಲಸ.

ನಮ್ಮ ಮನೆಯಲ್ಲಿ ಅಂಥ ಬ್ಯಾಟರಿಯೇ ಇಲ್ಲವಲ್ಲ ಎನ್ನುವವರು ಪುಟ ಮಗುಚಬೇಡಿ. ಬರುತ್ತದೆ. 2021ರ ಜುಲೈನಲ್ಲಿ ಚೀನಾದ ಸಿಎಟಿಎಲ್ ಕಂಪನಿ ತನ್ನ ಮೊದಲ ಸೋಡಿಯಂ ಸೆಲ್ ತೋರಿಸಿತು. 2024ರಲ್ಲಿ ಅದೇ ದೇಶದ ಹುಬೈ ಪ್ರಾಂತ್ಯದಲ್ಲಿ 100 ಮೆಗಾವಾಟ್-ಅವರ್ ವಿದ್ಯುತ್ ಹಿಡಿದಿಡುವ ಸೋಡಿಯಂ ಸ್ಥಾವರ ಚಾಲೂ ಆಯಿತು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದ ಫ್ಯಾರಡಿಯನ್ ಕಂಪನಿಯನ್ನು ರಿಲಯನ್ಸ್‌ನವರು 2022ರ ಆರಂಭದಲ್ಲಿ 10 ಕೋಟಿ ಪೌಂಡ್ ಲೆಕ್ಕದಲ್ಲಿ ಕೊಂಡುಕೊಂಡರು. ಪುಣೆಯ ಕೆಪಿಐಟಿ 2023ರ ಡಿಸೆಂಬರಿನಲ್ಲಿ ತನ್ನದನ್ನು ಪ್ರದರ್ಶಿಸಿತು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು, ಆರೇ ನಿಮಿಷದಲ್ಲಿ ಶೇ. 80ರಷ್ಟು ಚಾರ್ಜ್ ಆಗುವ, 3000ಕ್ಕೂ ಹೆಚ್ಚು ಸಲ ಚಾರ್ಜ್ ತಡೆಯುವ ಸೋಡಿಯಂ ಸೆಲ್ ಮಾಡಿದ್ದೇವೆಂದು 2025ರಲ್ಲಿ ಪ್ರಕಟಿಸಿದರು. ಇಷ್ಟೆಲ್ಲ ನಾಮಕರಣಗಳ ನಡುವೆ ತಿಥಿಯ ಏರ್ಪಾಟು ಯಾರದು ಎಂದು ಕೇಳುವುದು ಅಪಶಕುನ ನುಡಿದ ಹಾಗೆ. ಆದರೆ ಕೈಪಿಡಿ ಬರೆಯುವವನಿಗೆ ಆ ದಾಕ್ಷಿಣ್ಯ ಇಟ್ಟುಕೊಂಡರೆ ನಡೆಯುವುದಿಲ್ಲ.

ಸುರಕ್ಷತಾ ಸೂಚನೆ

ಮೊದಲು ಒಂದು ಭಯ ಕಳೆಯೋಣ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೀಮೆಎಣ್ಣೆಯೊಳಗಿಟ್ಟ ಸೋಡಿಯಂ ಚೂರನ್ನು ನೀರಿಗೆ ಹಾಕಿದಾಗ ಅದು ಬುಸುಗುಟ್ಟಿ ಓಡಾಡಿ ಹೊತ್ತಿಕೊಂಡದ್ದನ್ನು ಕಂಡವರು ಈ ಬ್ಯಾಟರಿಯಿಂದ ಮಾರು ದೂರ ನಿಲ್ಲುತ್ತಾರೆ. ಆ ಲೋಹದ ಸೋಡಿಯಂ ಇದರಲ್ಲಿ ಇರುವುದಿಲ್ಲ. ಅತಿಯಾಗಿ ಚಾರ್ಜ್ ಮಾಡಿ ಕೆಡಿಸಿದ ಸೆಲ್ಲಿನಲ್ಲಿ ಒಂದಿಷ್ಟು ಹುಟ್ಟಿಕೊಂಡಿರಬಹುದು, ಆ ಮಾತು ಬೇರೆ.

ಈಗ ಒಂದು ಭಯ ಹುಟ್ಟಿಸೋಣ. ‘ಉಪ್ಪಿನ ಬ್ಯಾಟರಿ’ ಎಂಬ ಜಾಹೀರಾತನ್ನು ನಂಬಿ ಇದನ್ನು ಒಗ್ಗರಣೆ ಡಬ್ಬಿಯ ಪಕ್ಕ ಇಡಬೇಡಿ. ಒಳಗಿರುವ ದ್ರವ ಬೆಂಕಿ ತಗುಲಿದರೆ ಉರಿಯುವಂಥದ್ದು. ಅದರಲ್ಲಿ ಕರಗಿರುವ ಉಪ್ಪು ಸಾಮಾನ್ಯವಾಗಿ ಸೋಡಿಯಂ ಹೆಕ್ಸಾಫ್ಲೋರೋಫಾಸ್ಫೇಟ್. ನೀರು ಸೋಕಿದರೆ ಅದರಿಂದ ಹೈಡ್ರೋಫ್ಲೋರಿಕ್ ಆಮ್ಲ ಏಳುತ್ತದೆ. ಗಾಜನ್ನೇ ಕೊರೆಯುವ ಆಮ್ಲ ಅದು. ಚರ್ಮಕ್ಕೆ ತಗುಲಿದಾಗ ಕೆಲವೊಮ್ಮೆ ತಕ್ಷಣ ಉರಿಯುವುದೂ ಇಲ್ಲ, ಒಳಗಿಳಿದ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಕತ್ತರಿ, ಸುತ್ತಿಗೆ, ಸ್ಕ್ರೂಡ್ರೈವರ್ ಮತ್ತು ಎಂಜಿನಿಯರಿಂಗ್ ಓದುತ್ತಿರುವ ಮಗ, ಈ ನಾಲ್ಕನ್ನೂ ಬ್ಯಾಟರಿಯಿಂದ ದೂರವಿಡಿ.

ಒಳಗೆ ಏನೇನಿದೆ

ಕವಚ ತೆಗೆದರೆ (ತೆಗೆಯಬೇಡಿ) ಬಿಗಿಯಾಗಿ ಸುತ್ತಿದ ಒಂದು ಸುರುಳಿ. ಬಿಚ್ಚಿದರೆ (ಬಿಚ್ಚಬೇಡಿ) ಕೂದಲೆಳೆಗಿಂತ ತೆಳುವಾದ ಎರಡು ಅಲ್ಯೂಮಿನಿಯಂ ಹಾಳೆಗಳು, ನಡುವೆ ಬಿಳಿಯ ಪ್ಲಾಸ್ಟಿಕ್ ಪೊರೆ. ಒಂದು ಹಾಳೆಯ ಎರಡೂ ಮಗ್ಗುಲಿಗೆ ಹೊಳಪಿಲ್ಲದ ಕಪ್ಪು ಇಂಗಾಲ ಬಳಿದಿದೆ, ಅದು ಆನೋಡ್. ಇನ್ನೊಂದಕ್ಕೆ ಬಳಿದ ಪುಡಿ ಕ್ಯಾಥೋಡ್.

ಎರಡೂ ಹಾಳೆ ಅಲ್ಯೂಮಿನಿಯಂ ಎಂಬುದನ್ನು ಗಮನಿಸಿ. ಮುಂದಿನ ಸಂಕಟಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುವುದು. ಲಿಥಿಯಂ ಆನೋಡ್ ಬದಿಯಲ್ಲಿ ಅಲ್ಯೂಮಿನಿಯಂ ಜೊತೆ ಬೆರೆತು ಅದನ್ನು ಹಾಳುಗೆಡಹುತ್ತದೆ. ಹಾಗಾಗಿ ಲಿಥಿಯಂ ಸೆಲ್ಲಿಗೆ ಆ ಬದಿಯಲ್ಲಿ ತಾಮ್ರದ ಹಾಳೆಯೇ ಆಗಬೇಕು. ಸೋಡಿಯಂ ಅಲ್ಯೂಮಿನಿಯಂ ತಂಟೆಗೆ ಹೋಗುವುದಿಲ್ಲ. ತಯಾರಕರು ತಾಮ್ರದ ದುಡ್ಡು ಉಳಿಸಿ ಸಂತೋಷಪಟ್ಟರು. ಸಂತೋಷಪಡದವರು ಯಾರು ಎಂಬುದು ಮೂರನೇ ಹಂತದಲ್ಲಿ ಬರುತ್ತದೆ.

ಕಪ್ಪು ಇಂಗಾಲಕ್ಕೆ ಹಾರ್ಡ್ ಕಾರ್ಬನ್ ಎನ್ನುತ್ತಾರೆ. ಅದನ್ನು ಮಾಡುವ ಕಚ್ಚಾವಸ್ತುಗಳಲ್ಲಿ ತೆಂಗಿನ ಚಿಪ್ಪೂ ಒಂದು. ತಿಪಟೂರಿನ ಕಡೆಯವರು ಕೊಬ್ಬರಿ ಸುಲಿದ ಮೇಲೆ ಚಿಪ್ಪನ್ನು ಏನು ಮಾಡುವುದೆಂದು ಈಗಿನಿಂದಲೇ ಯೋಚಿಸಿದರೆ ತಪ್ಪಿಲ್ಲ.

ಕ್ಯಾಥೋಡಿನಲ್ಲಿ ಮುಖ್ಯವಾಗಿ ಮೂರು ಪಂಗಡ. ಒಂದು, ಪದರ ಪದರವಾದ ಆಕ್ಸೈಡು. ಸೋಡಿಯಂ ಜೊತೆ ಕಬ್ಬಿಣ, ಮ್ಯಾಂಗನೀಸ್, ಹಲವು ಸಲ ನಿಕಲ್. ಎರಡು, ಫಾಸ್ಫೇಟ್ ಬಳಗ. ಕೆಲವರು ಇದಕ್ಕೆ ಕಬ್ಬಿಣ ಸೇರಿಸುತ್ತಾರೆ, ಕೆಲವರು ವನೇಡಿಯಂ. ಮೂರನೆಯದು ಪ್ರಷ್ಯನ್ ನೀಲಿಯ ಸಂತಾನ. ಸುಮಾರು 1706ರಲ್ಲಿ ಬರ್ಲಿನ್ನಿನ ಬಣ್ಣ ತಯಾರಕನೊಬ್ಬನ ಕೈಯಲ್ಲಿ ಆಕಸ್ಮಿಕವಾಗಿ ಹುಟ್ಟಿದ ಈ ನೀಲಿ, ಕಬ್ಬಿಣ ಮತ್ತು ಸಯನೈಡಿನ ಸಂಯುಕ್ತ. ಹೆಸರು ಕೇಳಿಯೇ ಎದೆ ಹಿಡಿದುಕೊಳ್ಳಬೇಡಿ. ಸಯನೈಡನ್ನು ಕಬ್ಬಿಣ ಇಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಎಷ್ಟು ಗಟ್ಟಿಯೆಂದರೆ, ಥ್ಯಾಲಿಯಂ ವಿಷ ಏರಿದವರಿಗೆ ಇದೇ ನೀಲಿಯನ್ನು ವೈದ್ಯರು ಔಷಧಿಯಾಗಿ ಕುಡಿಸುತ್ತಾರೆ. ಆದರೆ ಬೆಂಕಿಗೆ ಹಾಕಿದರೆ, ಕಡು ಆಮ್ಲದಲ್ಲಿ ಕುದಿಸಿದರೆ ಆ ಹಿಡಿತ ಸಡಿಲಗೊಳ್ಳುತ್ತದೆ. ಆಗ ಹೊರಬರುವ ಅನಿಲಕ್ಕೆ ಕೈಪಿಡಿ ಓದುವಷ್ಟು ವ್ಯವಧಾನ ಇರುವುದಿಲ್ಲ.

ಹಂತ 1: ಗುರುತಿಸಿ

ಬ್ಯಾಟರಿ ಯಾವ ಪಂಗಡದ್ದೆಂದು ಪತ್ತೆಮಾಡಿ. ಇದು ತುಂಬಾ ಸುಲಭ. ಹೊರಗಿನ ಚೀಟಿ ಓದಿದರಾಯಿತು. ಚೀಟಿ ಮಾಸಿದ್ದರೆ ತುಂಬಾ ಕಷ್ಟ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಕೊಳವೆ ಸೆಲ್ಲುಗಳು ಲಿಥಿಯಮ್ಮಿನಲ್ಲೂ ಸಿಗುತ್ತವೆ, ಸೋಡಿಯಮ್ಮಿನಲ್ಲೂ ಸಿಗುತ್ತವೆ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಕಲಸಿಟ್ಟರೆ ಹೆತ್ತ ಕಂಪನಿಗೂ ಗುರುತು ಸಿಗುವುದಿಲ್ಲ. ಕಲಸಿದ್ದು ಲಿಥಿಯಂ ಕಾರ್ಖಾನೆಗೆ ಹೋದರೆ ಅಲ್ಲಿಯ ಮಾಲಿಗೂ ಕಲಬೆರಕೆ. ರಾಸಾಯನಿಕ ಯಾವುದು ಎಂದು ಸೆಲ್ಲಿನ ಮೈಮೇಲೆ ಅಳಿಸದ ಹಾಗೆ ಕೆತ್ತಿದರೆ ಈ ಹಂತವೇ ಬೇಕಾಗಿರಲಿಲ್ಲ. ಅದಕ್ಕೆ ಆಗುವ ಖರ್ಚು ಬ್ರ್ಯಾಂಡಿನ ಹೆಸರು ಅಚ್ಚು ಹಾಕುವುದಕ್ಕಿಂತ ಹೆಚ್ಚಲ್ಲ.

ಹಂತ 2: ಪೂರ್ತಿ ಇಳಿಸಿ

ಇದೊಂದರಲ್ಲಿ ಸೋಡಿಯಂ ನಿಜಕ್ಕೂ ಗುಣವಂತ. ಲಿಥಿಯಂ ಸೆಲ್ಲನ್ನು ಸೊನ್ನೆ ವೋಲ್ಟಿಗೆ ಇಳಿಸಿದರೆ ಆನೋಡಿನ ತಾಮ್ರ ಕರಗಲು ಶುರುವಾಗುತ್ತದೆ. ಹಾಗಾಗಿ ಅದನ್ನು ಸಾಗಿಸುವಾಗಲೂ ಒಳಗೆ ಒಂದಿಷ್ಟು ಚಾರ್ಜ್ ಇರಲೇಬೇಕು. ಒಳಗೆ ಚಾರ್ಜ್ ಇದ್ದ ಮೇಲೆ ಲಾರಿಯಲ್ಲಿ ಹೊತ್ತಿಕೊಳ್ಳುವ ಅಪಾಯವೂ ಇದ್ದೇ ಇರುತ್ತದೆ. ಸೋಡಿಯಂ ಸೆಲ್ಲಿನಲ್ಲಿ ತಾಮ್ರದ ಹಾಳೆಯೇ ಇಲ್ಲವಲ್ಲ. ಸೊನ್ನೆಗೆ ಇಳಿಸಿ, ಎರಡೂ ತುದಿಗಳನ್ನು ತಂತಿಯಿಂದ ಜೋಡಿಸಿ, ಮಲಗಿಸಿ ಕಳಿಸಬಹುದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಇದಕ್ಕೆ 3551 ಎಂಬ ಬೇರೆಯೇ ಸಂಖ್ಯೆ ಸಿಕ್ಕಿದೆ, ಹೀಗೆ ತುದಿ ಜೋಡಿಸಿ ಕಳಿಸುವುದಕ್ಕೆ ರಿಯಾಯಿತಿಯೂ ಇದೆ. ಸಂಗ್ರಹಿಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಆದರೆ ಇಳಿಸುವ ಕೆಲಸ ಬಲ್ಲವರದು. ಬಕೆಟ್ಟಿಗೆ ಉಪ್ಪುನೀರು ತುಂಬಿ ಬ್ಯಾಟರಿ ಮುಳುಗಿಸಿ ಎಂದು ಮೊಬೈಲಿನಲ್ಲಿ ವಿಡಿಯೊ ಬಂದರೆ ಅದನ್ನು ಬಂಧುಗಳ ವಾಟ್ಸ್ಆ್ಯಪ್ ಗುಂಪಿಗೆ ದಾಟಿಸಬೇಡಿ. ತುದಿಗಳು ತುಕ್ಕು ತಿಂದು ಸೆಲ್ ಸೋರುತ್ತದೆ. ಆಮೇಲೆ ಏನಾಗುತ್ತದೆಂದು ಸುರಕ್ಷತಾ ಸೂಚನೆಯಲ್ಲಿ ಓದಿದ್ದೀರಿ.

ಹಂತ 3: ಗುಜರಿಗೆ ಹಾಕಲು ಪ್ರಯತ್ನಿಸಿ

ಪ್ರಯತ್ನಿಸಬಾರದು. ಕಾನೂನಿನಲ್ಲಿ ಅದಕ್ಕೆ ನೋಂದಾಯಿತ ಸಂಸ್ಕರಣಕಾರರೇ ಬೇಕು. ಆದರೆ ನೀವು ಪ್ರಯತ್ನಿಸಿಯೇ ತೀರುತ್ತೀರಿ ಎಂದು ಗೊತ್ತಿರುವುದರಿಂದ ಸಂಭಾಷಣೆಯನ್ನು ಇಲ್ಲಿ ಕೊಟ್ಟಿದೆ.

“ಅಣ್ಣ, ಹಳೇ ಬ್ಯಾಟರಿ ಇದೆ.”

“ತನ್ನಿ ಸಾರ್, ಇಡಿ ಇಲ್ಲಿ. ಆಸಿಡ್‌ದಾ, ಲಿಥಿಯಮ್ಮಾ?”

“ಸೋಡಿಯಂ.”

“ಹಂಗಂದ್ರೆ?”

“ಉಪ್ಪಲ್ಲಿ ಇರುತ್ತಲ್ಲ, ಅದು.”

ತಕ್ಕಡಿಯ ಮೇಲೆ ಏರಿದ್ದ ಬ್ಯಾಟರಿ ನಿಧಾನವಾಗಿ ಕೆಳಗಿಳಿಯುತ್ತದೆ. “ಒಳಗೆ ಸೀಸ ಎಷ್ಟಿರ್ತದೆ?”

“ಸೀಸ ಇಲ್ಲ.”

“ತಾಮ್ರ?”

“ಅದೂ ಇಲ್ಲ.”

“ಮೊಬೈಲ್ ಬ್ಯಾಟ್ರಿ ಥರ ಕೋಬಾಲ್ಟು?”

“ಇಲ್ಲ. ಅದಕ್ಕೇ ಇದು ಪರಿಸರಸ್ನೇಹಿ.”

“ಹಂಗಾದ್ರೆ ನೀವೇ ಇಟ್ಕೊಳ್ಳಿ ಸಾರ್, ಸ್ನೇಹ ಬೆಳೀಲಿ.”

ಆ ಗುಜರಿಯವರನ್ನು ಬೈಯಬೇಡಿ. ಇಡೀ ಬ್ಯಾಟರಿ ಉದ್ಯಮ ಸಮ್ಮೇಳನಗಳಲ್ಲಿ ಸುತ್ತಿ ಬಳಸಿ ಹೇಳುವುದನ್ನು ಅವರು ತಕ್ಕಡಿಯ ಮುಂದೆ ನಿಂತು ಒಂದೇ ಮಾತಿನಲ್ಲಿ ಹೇಳಿದ್ದಾರೆ. ಕೋಬಾಲ್ಟ್ ಇರುವ ಲಿಥಿಯಂ ಬ್ಯಾಟರಿಗೆ ಆನೆಯ ಯೋಗ: ಇದ್ದರೂ ಸಾವಿರ, ಸತ್ತರೂ ಸಾವಿರ. ಹೆಣದೊಳಗಿನ ಕೋಬಾಲ್ಟ್, ನಿಕಲ್, ತಾಮ್ರವೇ ಅದರ ಸಂಸ್ಕಾರದ ಖರ್ಚನ್ನು ಹೊರುತ್ತದೆ. ಇನ್ವರ್ಟರಿನ ಸೀಸದ ಬ್ಯಾಟರಿಯೂ ಹಾಗೆಯೇ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಇಷ್ಟು ವಜಾ ಎಂದು ಅಂಗಡಿಯವರೇ ಬೋರ್ಡ್ ಹಾಕುತ್ತಾರೆ. ಸೀಸದ ಬ್ಯಾಟರಿ ಬೀದಿಯಲ್ಲಿ ಬಿದ್ದಿರುವುದನ್ನು ನೀವು ನೋಡಿರಲಾರಿರಿ; ಯಾರಾದರೂ ಎತ್ತಿಕೊಂಡು ಹೋಗಿರುತ್ತಾರೆ. (ಎತ್ತಿಕೊಂಡು ಹೋಗಿ ಹಿತ್ತಿಲಲ್ಲಿ ಒಡೆದು ಸೀಸ ಕರಗಿಸುವವರ ಮಕ್ಕಳ ರಕ್ತದಲ್ಲಿ ಆ ಸೀಸ ಸಿಗುತ್ತದೆ. ಬೆಲೆ ಇದ್ದ ಮಾತ್ರಕ್ಕೆ ಸಂಸ್ಕಾರ ಸರಿಯಾಗಿ ನಡೆಯುತ್ತದೆಂಬ ಖಾತರಿಯೂ ಇಲ್ಲ.)

ಸೋಡಿಯಂ ಬ್ಯಾಟರಿ ಹುಟ್ಟಿದ್ದೇ ಅಗ್ಗದ ಹೆಮ್ಮೆಯಲ್ಲಿ. 2022ರ ಕೊನೆಯ ಹೊತ್ತಿಗೆ ಚೀನಾದ ಮಾರುಕಟ್ಟೆಯಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ 6 ಲಕ್ಷ ಯುವಾನ್ ಹತ್ತಿರ ಹೋಗಿತ್ತು. ಬಟ್ಟೆ ಒಗೆಯುವ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಟನ್ನಿಗೆ ಕೆಲವು ಸಾವಿರ ಅಷ್ಟೆ. ಎಲ್ಲರೂ ಸೋಡಾದ ಕಡೆ ಓಡಿಬಂದದ್ದು ಆಗಲೇ. ಅದಾದ ಒಂದೆರಡು ವರ್ಷದಲ್ಲಿ ಲಿಥಿಯಂ ಬೆಲೆ ಧೊಪ್ಪನೆ ಬಿತ್ತು, ಓಡಿಬಂದವರಲ್ಲಿ ಹಲವರು ಬಂದ ದಾರಿ ಹಿಡಿದರು. ಅದಿರಲಿ. ನಮಗೆ ಬೇಕಾದ ಮಾತು ಇಷ್ಟೇ: ಬದುಕಿದ್ದಾಗ ಯಾವ ಅಗ್ಗವನ್ನು ಮೆಚ್ಚಿ ಬ್ಯಾಟರಿಯನ್ನು ಮನೆಗೆ ತಂದಿರೋ, ಸತ್ತ ಮೇಲೆ ಅದೇ ಅಗ್ಗ ಅದನ್ನು ಅನಾಥ ಮಾಡುತ್ತದೆ. ಸೋಡಾ, ಕಬ್ಬಿಣ, ಮ್ಯಾಂಗನೀಸ್, ಇಂಗಾಲ ತುಂಬಿದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ಬಿಡಿಸುವವರು ಯಾರು? ನಿಕಲ್ ಅಥವಾ ವನೇಡಿಯಂ ಇದ್ದರೆ ಸ್ವಲ್ಪ ಮರ್ಯಾದೆ ಉಂಟು. ಉಳಿದದ್ದರಲ್ಲಿ ಗಿರಾಕಿ ಇರುವುದು ಅಲ್ಯೂಮಿನಿಯಂ ಹಾಳೆಗೆ ಮಾತ್ರ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾದ ಶಕ್ತಿಯಲ್ಲಿ ಸುಮಾರು ಶೇ. 5ರಷ್ಟರಲ್ಲೇ ಹಳೆಯದನ್ನು ಕರಗಿಸಿ ಹೊಸದು ಮಾಡಬಹುದು. ಈ ಲೆಕ್ಕದಲ್ಲಿ ಎರಡೂ ಬದಿಗೆ ಅಲ್ಯೂಮಿನಿಯಂ ಇರುವುದು ಒಳ್ಳೆಯದೇ. ತಾಮ್ರ, ಅಲ್ಯೂಮಿನಿಯಂ ಎಂದು ಹಾಳೆಗಳನ್ನು ಬೇರೆಬೇರೆ ಮಾಡುವ ಗೋಜೂ ಇಲ್ಲ.

ಹಂತ 4: ಸಂಸ್ಕಾರ

ಇದನ್ನು ಮನೆಯಲ್ಲಿ ಮಾಡುವ ವಿಧಾನ: ಮಾಡಬೇಡಿ. ಕಾರ್ಖಾನೆಯಲ್ಲಿ ಮಾಡುವ ವಿಧಾನ ಹೀಗೆ.

ಮೊದಲು ಸೆಲ್ಲುಗಳನ್ನು ಗಾಳಿಯಾಡದ ಯಂತ್ರದೊಳಗೆ, ಸಾರಜನಕದ ನಡುವೆ ಚೂರು ಮಾಡುತ್ತಾರೆ. ಉರಿಯುವ ದ್ರಾವಕವನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ತಂಪಾಗಿಸಿ ಹಿಡಿದಿಡುತ್ತಾರೆ. ಜರಡಿ ಹಿಡಿದಾಗ ಹಾಳೆಯ ಚೂರು, ಪ್ಲಾಸ್ಟಿಕ್ಕು ಒಂದು ಕಡೆ, ಕಪ್ಪು ಪುಡಿ ಇನ್ನೊಂದು ಕಡೆ. ಇಲ್ಲಿಯವರೆಗೆ ಲಿಥಿಯಮ್ಮಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಮುಂದೆ ದಾರಿಗಳು ಕವಲೊಡೆಯುತ್ತವೆ.

ಕುಲುಮೆಯ ದಾರಿ ಸುಲಭ ಮತ್ತು ದಡ್ಡತನದ್ದು. ಸಾವಿರ ಡಿಗ್ರಿಗೂ ಮೀರಿದ ಬೆಂಕಿಯಲ್ಲಿ ಎಲ್ಲವನ್ನೂ ಸುರಿದರೆ ಇಂಗಾಲ ಉರಿದುಹೋಗುತ್ತದೆ, ಸೋಡಿಯಂ ಕಿಟ್ಟದಲ್ಲೋ ಹೊಗೆಯಲ್ಲೋ ಕಳೆದುಹೋಗುತ್ತದೆ, ಕೊನೆಗೆ ಉಳಿಯುವ ಕಬ್ಬಿಣ ಉರುವಲಿನ ಖರ್ಚಿಗೂ ಸಾಲುವುದಿಲ್ಲ. ಕೋಬಾಲ್ಟಿಗಾಗಿ ಕಟ್ಟಿದ ಕುಲುಮೆಗೆ ಸೋಡಾ ಸುರಿಯುವುದನ್ನು ಪರಿಸರಸ್ನೇಹಿ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ನೀರಿನ ದಾರಿ ಜಾಣತನದ್ದು. ಆನೋಡಿನ ಇಂಗಾಲವನ್ನು ಹಾಳೆಗೆ ಅಂಟಿಸಲು ನೀರಿನಲ್ಲಿ ಕಲೆಸುವ ಅಂಟನ್ನೇ ಬಳಸಿದ್ದರೆ, ನೀರಿನಲ್ಲಿ ನೆನೆಸಿ ಅಲುಗಾಡಿಸಿದಾಗ ಇಂಗಾಲ ಕಳಚಿಕೊಳ್ಳುತ್ತದೆ. ಅದನ್ನು ತೊಳೆದು ಮತ್ತೆ ಕಾಯಿಸಿದರೆ ಇನ್ನೊಂದು ಜನ್ಮಕ್ಕೆ ಬರಬಹುದು. ಕ್ಯಾಥೋಡಿಗೆ ಸಾಮಾನ್ಯವಾಗಿ ಫ್ಲೋರಿನ್ ಇರುವ ಹಟಮಾರಿ ಅಂಟು. ಅದನ್ನು ಕರಗಿಸಲು ಬಳಸುತ್ತ ಬಂದ ಎನ್‌ಎಂಪಿ ಎಂಬ ದ್ರಾವಕ ಗರ್ಭಸ್ಥ ಶಿಶುವಿಗೆ ಹಾನಿಕರ. ಬ್ಯಾಟರಿಯನ್ನು ಪರಿಸರಸ್ನೇಹಿಯಾಗಿ ಬಿಚ್ಚಬೇಕೆಂದರೆ ಅಂಟಿಸುವ ದಿನವೇ ಎರಡೂ ಬದಿಗೆ ನೀರಿನ ಅಂಟು ಹಾಕಿರಬೇಕು. ಪ್ರಷ್ಯನ್ ಬಳಗಕ್ಕೆ ಅದು ಸಾಧ್ಯ. ಪದರದ ಆಕ್ಸೈಡಿಗೆ ನೀರೆಂದರೆ ಆಗದು; ನೀರು ಸೋಕಿದರೆ ತನ್ನ ಸೋಡಿಯಂ ಬಿಟ್ಟುಕೊಟ್ಟು ನೀರನ್ನು ಕ್ಷಾರ ಮಾಡುತ್ತದೆ. ತಯಾರಿಸುವವರಿಗೆ ಇದು ತಲೆನೋವು. ಸಂಸ್ಕಾರ ಮಾಡುವವರಿಗೆ ಮಾತ್ರ ವರ, ಬರೀ ನೀರಿನಲ್ಲೇ ಒಂದು ಪಾಲು ಸೋಡಿಯಂ ಹೊರಬಂತಲ್ಲ.

ಉಳಿದ ನಿಕಲ್, ಮ್ಯಾಂಗನೀಸ್, ಕಬ್ಬಿಣಕ್ಕೆ ಆಮ್ಲ ಬೇಕು. ಗಂಧಕಾಮ್ಲದ ಬದಲು ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ, ಇಲ್ಲವೇ ಆಕ್ಸಾಲಿಕ್ ಆಮ್ಲದಿಂದ ಕೆಲಸ ತೆಗೆಯುವ ಪ್ರಯೋಗಗಳು ನಡೆದಿವೆ. ಹಾಗೆಂದು ಉಪ್ಪಿನಕಾಯಿ ಭರಣಿಗೆ ಕೈ ಹಾಕಬೇಡಿ. ಪ್ರಷ್ಯನ್ ಬಳಗಕ್ಕೆ ಆಮ್ಲದ ದಾರಿ ಬೇಡ, ಕ್ಷಾರದ್ದು ಒಳ್ಳೆಯದು. ಕಾಸ್ಟಿಕ್ ಸೋಡಾದಲ್ಲಿ ಆ ನೀಲಿ ಒಡೆದು ಒಂದು ಕಡೆ ಕಬ್ಬಿಣದ ಹೈಡ್ರಾಕ್ಸೈಡ್, ಇನ್ನೊಂದು ಕಡೆ ಸೋಡಿಯಂ ಫೆರೋಸಯನೈಡ್ ಆಗುತ್ತದೆ. ಎರಡನೆಯದರಿಂದ ಹೊಸ ಕ್ಯಾಥೋಡನ್ನೇ ಮಾಡಬಹುದು. ಫೆರೋಸಯನೈಡ್ ಎಂದರೆ ಇನ್ನೂ ಹೆದರಿಕೆಯೇ? ಅಡುಗೆಮನೆಗೆ ಹೋಗಿ ಪುಡಿ ಉಪ್ಪಿನ ಪ್ಯಾಕೆಟ್ಟಿನ ಹಿಂಬದಿ ನೋಡಿ. ಗಂಟು ಕಟ್ಟದಿರಲಿ ಎಂದು ಹಲವು ಕಂಪನಿಗಳು ಹಾಕುವ 536 ಎಂಬ ಸಂಖ್ಯೆಯ ವಸ್ತು ಪೊಟ್ಯಾಸಿಯಂ ಫೆರೋಸಯನೈಡ್. ಅತ್ಯಲ್ಪ ಪ್ರಮಾಣದಲ್ಲಿ ದಿನಾ ಉಣ್ಣುತ್ತಲೇ ಇದ್ದೀರಿ.

ಕೊನೆಯದಾಗಿ ತೊಳೆದ ನೀರು. ಆಮ್ಲ, ಕ್ಷಾರ ಎಲ್ಲ ಹಾಕಿ ಮುಗಿದ ಮೇಲೆ ಉಳಿಯುವುದು ಸೋಡಿಯಂ ಸಲ್ಫೇಟ್ ತುಂಬಿದ ನೀರು. ಇದರಲ್ಲೊಂದು ತಮಾಷೆ ಇದೆ. ಲಿಥಿಯಂ ಬ್ಯಾಟರಿ ಸಂಸ್ಕಾರ ಮಾಡುವವರೂ ಸೋಡಾ ಸುರಿದೇ ಲಿಥಿಯಂ ಹೊರತೆಗೆಯುವುದು. ಅವರಿಗೂ ಕೊನೆಗೆ ಕಾಟ ಕೊಡುವುದು ಇದೇ ಸೋಡಿಯಂ ಸಲ್ಫೇಟು. ಅಲ್ಲಿ ಕಸವಾದ ಸೋಡಿಯಮ್ಮೇ ಇಲ್ಲಿ ಕಥಾನಾಯಕ. ಆ ನೀರನ್ನು ಬತ್ತಿಸಿ ಉಪ್ಪನ್ನು ಸೋಪಿನ ಪುಡಿಯವರಿಗೋ ಗಾಜಿನವರಿಗೋ ಕೊಟ್ಟರೆ ಪರಿಸರಸ್ನೇಹಿ. ಹತ್ತಿರದ ಕೆರೆಗೆ ಬಿಟ್ಟರೆ, ಬ್ಯಾಟರಿಯನ್ನು ನೇರ ಕೆರೆಗೆ ಎಸೆಯದೆ ಇಷ್ಟೆಲ್ಲ ಸುತ್ತಿ ಬಂದದ್ದಷ್ಟೇ ಲಾಭ.

ದೋಷ ಮತ್ತು ಪರಿಹಾರ

ದೋಷ: ಖರ್ಚು ಯಾರು ಕೊಡಬೇಕೆಂದು ತಿಳಿಯುತ್ತಿಲ್ಲ.
ಪರಿಹಾರ: ಉಪ್ಪು ತಿಂದವನು ನೀರು ಕುಡಿಯಲೇಬೇಕು. 2001ರ ಹಳೆಯ ನಿಯಮ ಸೀಸದ ಬ್ಯಾಟರಿಗೆ ಮಾತ್ರ ಇತ್ತು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ರಾಸಾಯನಿಕ ಯಾವುದೇ ಇರಲಿ, ಎಲ್ಲ ಬ್ಯಾಟರಿಗೂ ಅನ್ವಯಿಸುತ್ತವೆ. ಮಾರುಕಟ್ಟೆಗೆ ತಂದವನೇ ವಾಪಸ್ ತೆಗೆದುಕೊಂಡು ಸಂಸ್ಕರಿಸುವ ಹೊಣೆ ಹೊರಬೇಕು, ಹೂಳುವಂತಿಲ್ಲ, ಸುಡುವಂತಿಲ್ಲ. ವಿದ್ಯುತ್ ವಾಹನದ ಬ್ಯಾಟರಿಯಿಂದ 2026-27ರ ಹೊತ್ತಿಗೆ ತೂಕದ ಶೇ. 90ರಷ್ಟು ಸಾಮಗ್ರಿ ಮರಳಿ ತೆಗೆಯಬೇಕೆಂಬ ಗುರಿಯೂ ಇದೆ. ಸೋಡಿಯಂ ಬ್ಯಾಟರಿಯಲ್ಲಿ ಲೋಹ ಮಾತ್ರ ಆರಿಸಿಕೊಂಡರೆ ಆ ತೂಕ ತುಂಬುವುದಿಲ್ಲ, ಇಂಗಾಲವನ್ನೂ ಉಳಿಸಿಕೊಳ್ಳಬೇಕಾಗುತ್ತದೆ. ಬೆಲೆಯೇ ಇಲ್ಲದ ಸಾಮಗ್ರಿಗೆ ಈ ನಿಯಮವೊಂದೇ ವಾರಸುದಾರ.

ದೋಷ: ಕಂಪನಿಗೆ ಕರೆ ಮಾಡಿದರೆ ಯಾರೂ ಎತ್ತುತ್ತಿಲ್ಲ.
ಕಾರಣ: ಕಂಪನಿಯೇ ಇಲ್ಲದಿರಬಹುದು. ಪ್ರಷ್ಯನ್ ನೀಲಿಯ ಬ್ಯಾಟರಿ ಮಾಡುತ್ತಿದ್ದ ಅಮೆರಿಕದ ನೇಟ್ರಾನ್ 2024ರಲ್ಲಿ ಮಿಷಿಗನ್ನಿನಲ್ಲಿ ಕಾರ್ಖಾನೆ ತೆರೆದು 2025ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು. 2023ರಲ್ಲಿ ಸೋಡಿಯಂ ಸೆಲ್ ಘೋಷಿಸಿದ್ದ ಸ್ವೀಡನ್ನಿನ ನಾರ್ತ್‌ವೋಲ್ಟ್ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಸಾವಿರಾರು ಸಲ ಚಾರ್ಜ್ ತಡೆಯುವ ಬ್ಯಾಟರಿ, ಅದನ್ನು ಮಾಡಿದ ಕಂಪನಿಗಿಂತ ಹೆಚ್ಚು ಕಾಲ ಬಾಳುವುದು ಈಗ ಕಲ್ಪನೆಯಲ್ಲ.
ಪರಿಹಾರ: ಉಪ್ಪು ತಿಂದವನು ಊರು ಬಿಡುವ ಮೊದಲೇ ನೀರಿನ ದುಡ್ಡು ವಸೂಲಿ ಮಾಡಿರಬೇಕು. ಅಂದರೆ ಮಾರುವ ದಿನವೇ ಸಂಸ್ಕಾರದ ಠೇವಣಿಯನ್ನು ಪ್ರತ್ಯೇಕ ನಿಧಿಯಲ್ಲಿ ಇಡಿಸಿಕೊಳ್ಳಬೇಕು. ಬ್ಯಾಟರಿಯ ಬೆಲೆ ಸ್ವಲ್ಪ ಏರುತ್ತದೆ, ನಿಜ. ಏರಲಿ.

ದೋಷ: ಹಸಿ ಕಸ, ಒಣ ಕಸದವರು ಬ್ಯಾಟರಿ ಮುಟ್ಟುತ್ತಿಲ್ಲ.
ಪರಿಹಾರ: ಅವರು ಮಾಡುತ್ತಿರುವುದೇ ಸರಿ. ಕಸದ ಡಬ್ಬಿಗೆ ಅಡ್ಡಗೀಟು ಹಾಕಿದ ಚಿತ್ರ ಬ್ಯಾಟರಿಯ ಮೇಲಿದೆ, ನೋಡಿ.

ಖಾತರಿ ಕುರಿತು

ಈ ಕೈಪಿಡಿಗೆ ಯಾವುದೇ ಖಾತರಿ ಇಲ್ಲ. ನೀವು ಕಂಡುಕೊಂಡಿರುವಂತೆ, ಚೀಟಿ ಓದುವುದನ್ನು ಬಿಟ್ಟರೆ ಇದರಲ್ಲಿ ನೀವು ಮಾಡಬಹುದಾದ ಹಂತ ಒಂದೂ ಇಲ್ಲ. ಇರುವುದೆಲ್ಲ ಮಾಡಿದವರು, ಮಾರಿದವರು ಮಾಡಬೇಕಾದದ್ದು. ನಿಮ್ಮ ಕೈಯಲ್ಲಿರುವುದು ಕೊಳ್ಳುವ ದಿನದ ಒಂದು ಕೆಲಸ. ಅಂಗಡಿಯವರು ವೋಲ್ಟು, ವಾರಂಟಿ, ಕಂತು ಎಲ್ಲ ವಿವರಿಸಿ ಮುಗಿಸಿದ ಮೇಲೆ ಕೇಳಿ: “ಇದು ಹೋದ ಮೇಲೆ ಯಾರು ತಗೊಂಡು ಹೋಗ್ತಾರೆ?” ಉತ್ತರವನ್ನು ಬಿಲ್ಲಿನ ಮೇಲೆ ಹೆಸರು, ವಿಳಾಸ ಸಮೇತ ಬರೆಸಿಕೊಳ್ಳಿ. ಬರೆದುಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ.